ತಂತಿಯ ಮೇಲೊಂದು ‘ಕ’

ಮನೆಮಂದಿಯೆಲ್ಲ ಮಲಗಿದ ಮೇಲೆ, ಬೆಸುಗೆಯ ರಾಳದ ವಾಸನೆ ಕೋಣೆಯಿಂದ ಇನ್ನೂ ತೊಲಗದಿರುವಾಗ, 28 ಕಾಲುಗಳ ಎಟಿಮೆಗಾ 328 ಮೈಕ್ರೋಕಂಟ್ರೋಲರೊಂದನ್ನು ಎದುರಿಗಿಟ್ಟುಕೊಂಡು, ಅದರ ಮೂರನೆಯ ಕಾಲಿಗೆ ಆಸಿಲೋಸ್ಕೋಪಿನ ಮೊನೆಯನ್ನು ತಾಗಿಸಿ, ಅದು ನುಡಿಯುವುದನ್ನೇ ನಿರೀಕ್ಷಿಸುತ್ತ ಕುಳಿತಿರುವ ಸುಖಕ್ಕೆ ಸಮನಾದ ಸುಖವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ಪುಟ್ಟ ಶರೀರದೊಳಗೆ ಸಂಭಾಷಣೆಯ ಮಾರ್ಗಗಳು ಮೂರುಂಟು. ಎಸ್‌ಪಿಐ ಎಂಬುದು ಶೀಘ್ರಗಾಮಿ. ಫಿಲಿಪ್ಸ್ ಸಂಸ್ಥೆಯವರು 1982ರಲ್ಲಿ ರೂಪಿಸಿದ ಐ2ಸಿ ಎಂಬುದಾದರೋ ಎರಡೇ ತಂತಿಗಳಲ್ಲಿ ಹಲವರನ್ನು ಹೆಸರು ಹಿಡಿದು ಕರೆದು, ಎಂಟೆಂಟು ಬಿಟ್‌ಗಳಿಗೊಮ್ಮೆ, ಕಥೆ ಕೇಳುವ ಮಗುವಿನಿಂದ ಅಜ್ಜಿ ಹೂಂಗುಟ್ಟಿಸಿಕೊಳ್ಳುವಂತೆ, ‘ಹೂಂ’ ಎನ್ನಿಸಿಕೊಂಡೇ ಮುಂದೆ ಸಾಗುತ್ತದೆ. ಇವೆರಡಕ್ಕೂ ತಾಳ ಹಾಕಲು ಪ್ರತ್ಯೇಕವಾದ ತಂತಿಯೊಂದಿದೆ. ನನಗೆ ಪ್ರಿಯವಾದ ಯುಎಆರ್‌ಟಿಗೆ ಆ ಆಸರೆಯಿಲ್ಲ.

ಹೇಳುವವನ ಗಡಿಯಾರ ಬೇರೆ, ಕೇಳುವವನದು ಬೇರೆ. ಗತಿಯೊಂದನ್ನು ಮಾತ್ರ ಮೊದಲೇ ಒಪ್ಪಿಕೊಂಡಿರುತ್ತಾರೆ. ಆ ಗತಿಯ ಮಾನವಾದ ‘ಬಾಡ್’ ಎಂಬ ಪದವು ಫ್ರಾನ್ಸಿನ ಟೆಲಿಗ್ರಾಫ್ ತಜ್ಞ ಎಮಿಲ್ ಬೋಡೊನ ಸ್ಮರಣೆಯಿಂದ ಬಂದುದು. 9600 ಬಾಡ್ ಎಂದರೆ ಒಂದೊಂದು ಬಿಟ್ಟಿಗೂ ಸುಮಾರು 104 ಮೈಕ್ರೋಸೆಕೆಂಡುಗಳ ಆಯುಸ್ಸು. ಮೌನದಲ್ಲಿ ತಂತಿಯು ಮೇಲ್ಮಟ್ಟದಲ್ಲಿಯೇ ನಿಂತಿರುತ್ತದೆ. ನುಡಿ ಹೊರಡುವ ಕ್ಷಣದಲ್ಲಿ ಕೆಳಗಿಳಿಯುತ್ತದೆ. ಆ ಇಳಿತವೇ ಮುಹೂರ್ತ. ಅಲ್ಲಿಂದ ಕೇಳುವವನು ಪ್ರತಿಯೊಂದು ಬಿಟ್ಟನ್ನೂ ಹದಿನಾರು ಭಾಗಗಳಾಗಿ ಎಣಿಸಿ, ಅಂಚುಗಳ ಕಲಹಕ್ಕೆ ಕಿವಿಗೊಡದೆ, ನಟ್ಟನಡುವಿನ ಎಂಟು, ಒಂಬತ್ತು, ಹತ್ತನೆಯ ಭಾಗಗಳನ್ನು ಮಾತ್ರ ನೋಡಿ, ಮೂರರಲ್ಲಿ ಎರಡರ ಮತವನ್ನು ಸತ್ಯವೆಂದು ಸ್ವೀಕರಿಸುತ್ತಾನೆ. ಇಷ್ಟು ವಿವೇಕವನ್ನು ಸಿಲಿಕಾನಿನ ಚೂರಿನಲ್ಲಿ ಅಡಗಿಸಿಟ್ಟವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದದ್ದುಂಟು.

ಒಮ್ಮೆ ನಾನು ಗತಿಯನ್ನು ಕಾಯುವ ಸ್ಫಟಿಕದ ಹರಳನ್ನು ಹೊರಗಿನಿಂದ ಕೂಡಿಸದೆ ಮೈಕ್ರೋಕಂಟ್ರೋಲರಿನ ಒಳಗಿನ ಗಡಿಯಾರವನ್ನೇ ನೆಚ್ಚಿದ್ದೆ. ಬೆಳಿಗ್ಗೆ ಸ್ಫುಟವಾಗಿದ್ದ ಅಕ್ಷರಗಳು ಮಧ್ಯಾಹ್ನದ ಸೆಕೆ ಏರುತ್ತಲೇ ಅರ್ಥವಿಲ್ಲದ ಚಿಹ್ನೆಗಳಾದವು. ಗತಿಯಲ್ಲಿ ಶೇಕಡಾ ಎರಡರಷ್ಟು ಅಂತರ ಸಹ್ಯ. ಅದನ್ನು ಬಹಳವಾಗಿ ಮೀರಿದರೆ ಮೊದಲ ಬಿಟ್‌ಗಳು ನೆಟ್ಟಗೆ ಬಂದರೂ, ತಪ್ಪು ಕೂಡುತ್ತ ಕೂಡುತ್ತ, ಕಡೆಯವು ನೆರೆಯವರ ಮನೆ ಹೊಕ್ಕುಬಿಡುತ್ತವೆ. 16 ಮೆಗಾಹರ್ಟ್ಸ್ ಹರಳನ್ನು ಬೆಸೆದು, 9600ರ ಗತಿಗಾಗಿ ಬಾಡ್ ರಿಜಿಸ್ಟರಿನಲ್ಲಿ 103 ಎಂದು ಬರೆದೊಡನೆ ಪರದೆಯ ಮೇಲೆ ಶುದ್ಧವಾದ ಪದಗಳು ಇಳಿಯತೊಡಗಿದುವು; ಆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ತಂತಿಯ ಪರೀಕ್ಷೆಗೆ ಇಂಗ್ಲಿಷಿನ ‘ಯು’ ಅಕ್ಷರವನ್ನು ಕಳುಹಿಸುವುದು ರೂಢಿ. ಒಂದು ತಪ್ಪಿದರೊಂದು ಏರಿಳಿತ ಬಂದು ಅದು ಗೆರೆ ಎಳೆದಂತೆ ಕಾಣುತ್ತದೆ. ನಾನು ಮಾತ್ರ ‘ಕ’ವನ್ನು ಕಳುಹಿಸುತ್ತೇನೆ. ಯುಟಿಎಫ್-8ರಲ್ಲಿ ಅದಕ್ಕೆ 224, 178, 149 ಎಂದು ಮೂರು ಬೈಟುಗಳು, ಮೂರು ಮಿಲಿಸೆಕೆಂಡುಗಳಿಗಿಂತ ತುಸು ಹೆಚ್ಚಿನ ಪಯಣ. ಮೊದಲು ಆರು ಬಿಟ್‌ಗಳಗಲದ ಕಣಿವೆ, ಅನಂತರ ನಾಲ್ಕರ ಬಯಲು, ಆಮೇಲೆ ತಗ್ಗುದಿಣ್ಣೆಗಳು, ಕಡೆಗೆ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾದ ಏರಿಳಿತ. ಅಷ್ಟಾದ ಮೇಲೆ ತಂತಿಯು ತನ್ನ ಮೇಲ್ಮಟ್ಟಕ್ಕೆ ಮರಳಿ ನಿಶ್ಚಲವಾಗುತ್ತದೆ. ನಾನು ಮತ್ತೆ ಗುಂಡಿಯನ್ನೊತ್ತುತ್ತೇನೆ.