ಕತ್ತರಿಸಿದ ಜಾಲರಿ

ನಿಮ್ಮ ಮನೆಯಲ್ಲೂ ಕಾರಿನ ಹುಚ್ಚು ಹಿಡಿದ ಹುಡುಗನೊಬ್ಬ ಇರಬಹುದು. ನನ್ನ ತಂಗಿಯ ಮಗ ಅಂಥವನು. ಕಳೆದ ರಜೆಯಲ್ಲಿ ಬಂದವನೇ ಕೇಳಿದ: "ಮಾಮ, ಏರ್‌ಫ್ಲೋ ಸೆನ್ಸರಿನ ಎದುರಿನ ಜಾಲರಿ ತೆಗೆದರೆ ಎಂಜಿನಿಗೆ ಹೆಚ್ಚು ಗಾಳಿ ಹೋಗಿ ಪಿಕಪ್ ಜಾಸ್ತಿ ಆಗುತ್ತದಂತೆ, ಹೌದಾ?" ನಾನು ಒಳಗೆ ಹೋಗಿ ಕಪಾಟಿನಿಂದ ಒಂದು ಹಳೆಯ ಸೆನ್ಸರ್ ತಂದು ಅವನ ಕೈಗಿಟ್ಟೆ. ಅದರ ಕಥೆಯನ್ನು ಅವನಿಗೆ ಅರ್ಧ ಹೇಳಿದೆ. ಪೂರ್ತಿ ನಿಮಗೆ ಹೇಳುತ್ತೇನೆ.

ಮೊದಲು ಇದೇನೆಂದು ತಿಳಿಯಿರಿ. ಬಿಸಿ ಚಹಾವನ್ನು ನೀವು ಊದಿ ಆರಿಸುತ್ತೀರಲ್ಲ? ಜೋರಾಗಿ ಊದಿದಷ್ಟೂ ಬೇಗ ಆರುತ್ತದೆ. ಈ ಸೆನ್ಸರಿನದೂ ಅದೇ ಉಪಾಯ. ಗಾಳಿಯ ಕೊಳವೆಯೊಳಗೆ ಕೂದಲೆಳೆಯಂಥ ತಂತಿಯೊಂದನ್ನು ವಿದ್ಯುತ್ತಿನಿಂದ ಬಿಸಿ ಮಾಡಿಟ್ಟಿರುತ್ತಾರೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಮತ್ತೆ ಅಷ್ಟೇ ಬಿಸಿ ಇಡಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಎಷ್ಟು ಗಾಳಿ ಬಂತೆಂದು ಕಾರಿನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿಯ ಲೆಕ್ಕ ತಪ್ಪಿದರೆ ಪೆಟ್ರೋಲಿನದೂ ತಪ್ಪುತ್ತದೆ. ಫಿಲ್ಟರಿನಿಂದ ತಿರುವು ದಾಟಿ ಬರುವ ಗಾಳಿ ಸುಳಿಸುಳಿಯಾಗಿರುತ್ತದೆ. ಅದನ್ನು ನೇರ ಮಾಡಿ ತಂತಿಯ ಮೇಲೆ ಬಿಡುವುದೇ ಜಾಲರಿಯ ಕೆಲಸ. ಅದು ಗಾಳಿಯನ್ನು ತುಸು ತಡೆಯುತ್ತದೆ, ಸುಳ್ಳಲ್ಲ. ಆದರೆ ಧೂಳು ತುಂಬಿದ ಫಿಲ್ಟರ್ ಅದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತದೆ.

ಇಷ್ಟೆಲ್ಲ 2004ರಲ್ಲಿ ನನಗೆ ಗೊತ್ತಿರಲಿಲ್ಲ. ಆಗ ನಾನು ದಮ್ಮಾಮಿನ ಸನಾಯಿಯಾದ ಒಂದು ಗ್ಯಾರೇಜಿನಲ್ಲಿದ್ದೆ. ಆ ದಿನಗಳಲ್ಲಿ ಸೌದಿಯ ಯುವಕರಿಗೆ ಷೆವರ್ಲೆ ಕ್ಯಾಪ್ರಿಸ್ ಎಂದರೆ ಪ್ರಾಣ. ಹೆಸರು ಅಮೆರಿಕದ್ದು, ಕಾರು ಆಸ್ಟ್ರೇಲಿಯಾದಲ್ಲಿ ತಯಾರಾಗಿ ಬರುತ್ತಿದ್ದದ್ದು. ಎಂಟು ಸಿಲಿಂಡರಿನ 5.7 ಲೀಟರ್ ಎಂಜಿನ್. ಒಬ್ಬ ಗಿರಾಕಿ ಬಂದು, "ಸದೀಕ್, ಇದರ ಜಾಲರಿ ತೆಗೆ, ನನ್ನ ಗೆಳೆಯರೆಲ್ಲ ತೆಗೆಸಿದ್ದಾರೆ" ಎಂದ. ನಾನು ಮೂತಿ ಚೂಪಿನ ಪಕ್ಕಡಿನಿಂದ ಹತ್ತು ನಿಮಿಷದಲ್ಲಿ ಕತ್ತರಿಸಿ ತೆಗೆದೆ. ಒಂದು ಚೂರು ತಂತಿ ಒಳಗೆ ಬಿದ್ದು ಎಂಜಿನಿಗೆ ಹೋಗಿದ್ದರೆ ಏನಾಗುತ್ತಿತ್ತೋ, ಆಗ ಯೋಚಿಸಲಿಲ್ಲ. ಅವನು ಒಂದು ಸುತ್ತು ಓಡಿಸಿ ಬಂದು ಐವತ್ತು ರಿಯಾಲ್ ಕೈಗಿತ್ತ. ಗಾಡಿ ನಿಜಕ್ಕೂ ಚುರುಕಾಗಿತ್ತಂತೆ.

ನಮ್ಮಲ್ಲಿ ಕಲ್ಲಿಕೋಟೆಯ ಹಿರಿಯ ಮಿಸ್ತ್ರಿಯೊಬ್ಬರಿದ್ದರು. ನಾವು ಅವರನ್ನು ಇಕ್ಕ ಎನ್ನುತ್ತಿದ್ದೆವು. ಆ ಚುರುಕಿನ ಗುಟ್ಟು ಅವರು ಬಿಡಿಸಿ ಹೇಳಿದರು. ಜಾಲರಿ ಹೋದ ಮೇಲೆ ಸೆನ್ಸರ್ ನಿಜಕ್ಕಿಂತ ಕಡಿಮೆ ಗಾಳಿ ತೋರಿಸುತ್ತದೆ, ಕಂಪ್ಯೂಟರ್ ಪೆಟ್ರೋಲ್ ಇಳಿಸುತ್ತದೆ. ಕಂಪನಿಯವರು ಪೂರ್ತಿ ಎಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಂಪಿರಲೆಂದು ಸ್ವಲ್ಪ ಹೆಚ್ಚು ಪೆಟ್ರೋಲ್ ಬಿಡುತ್ತಾರೆ. ಆ ಉಳಿಕೆಯನ್ನೇ ನಾವು ತಿಂದಿದ್ದೆವು. ನಿಧಾನ ಓಡಿಸುವಾಗ ಸೈಲೆನ್ಸರ್ ಕೊಳವೆಯ ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರ್ ತಪ್ಪನ್ನು ತಿದ್ದಿಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ಆ ತಿದ್ದುವಿಕೆ ನಿಲ್ಲುತ್ತದೆ. ಆಗ ಗಾಳಿಯ ಸೆನ್ಸರ್ ಹೇಳಿದ್ದೇ ಸತ್ಯ. ಪೆಟ್ರೋಲ್ ಸಾಲದೆ ಎಂಜಿನ್ ಕುಟ್ಟತೊಡಗುತ್ತದೆ, ಪಿಸ್ಟನ್ ಬೇಯುತ್ತದೆ. ಜಾಲರಿ ತೆಗೆದರೆ ಕಂಪ್ಯೂಟರಿನೊಳಗಿನ ಲೆಕ್ಕವನ್ನೂ ಹೊಸದಾಗಿ ಬರೆಯಬೇಕು. ಅದಕ್ಕೆ ಬೇಕಾದ ಯಂತ್ರ ನಮ್ಮಲ್ಲಿರಲಿಲ್ಲ, ವಿದ್ಯೆಯಂತೂ ಮೊದಲೇ ಇಲ್ಲ.

ಮರುವರ್ಷ ಅದೇ ಕ್ಯಾಪ್ರಿಸ್ ಮಾರಾಟಕ್ಕೆ ಬಂತು. ಕೊಳ್ಳಲು ಬಂದವರು ನಮ್ಮ ಬಂಟ್ವಾಳ ಕಡೆಯವರು. ನಾನು ಕಾಕ ಎಂದೇ ಕರೆಯುತ್ತಿದ್ದೆ. ಹೆಂಡತಿ ಮತ್ತು ಮೂವರು ಮಕ್ಕಳನ್ನು ಕರೆದುಕೊಂಡು ಉಮ್ರಾಕ್ಕೆ ಹೋಗಬೇಕೆಂದು ದೊಡ್ಡ ಗಾಡಿ ಹುಡುಕುತ್ತಿದ್ದರು. "ನೀನು ನಮ್ಮವ, ನೋಡಿ ಹೇಳು ಮಾರಾಯ" ಎಂದರು. ಮಾರುವವನು ಪಕ್ಕದಲ್ಲೇ ನಿಂತಿದ್ದ. ಗ್ಯಾರೇಜಿನ ಯಜಮಾನನಿಗೆ ಕಮಿಷನ್ ಇತ್ತು. ನಾನು ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಎಣ್ಣೆ ನೋಡಿ, "ಎಂಜಿನ್ ಚೆನ್ನಾಗಿದೆ ಕಾಕ" ಎಂದೆ. ನಿಂತಲ್ಲಿ ಅದು ಸುಳ್ಳಾಗಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರುಕಟ್ಟೆಯಲ್ಲಿ ಪ್ರವಾದಿ(ಸ)ಯವರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ಒದ್ದೆ ತಾಗಿದ ಹದೀಸನ್ನು ನೀವೂ ಕೇಳಿದ್ದೀರಿ. ಮದ್ರಸದಲ್ಲಿ ಉಸ್ತಾದರು ಅದನ್ನು ಹೇಳುವಾಗ ನನ್ನ ಕಣ್ಣಿಗೆ ಬರುತ್ತಿದ್ದವನು ಯಾವುದೋ ಕಾಲದ ಧಾನ್ಯದ ವ್ಯಾಪಾರಿ. ಅಂದು ಆ ಜಾಗದಲ್ಲಿ ನಾನೇ ಕಂಡೆ. ದಮ್ಮಾಮಿನಿಂದ ಮಕ್ಕಾ ಸಾವಿರದ ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಮರಳುವಾಗ ತಾಯಿಫಿನ ಘಾಟಿ ಹತ್ತಬೇಕು. ಗಾಡಿ ತುಂಬ ಜನ, ಸಾಮಾನು, ಎ.ಸಿ., ಉರಿಬಿಸಿಲು. ಕಾಲು ಪೂರ್ತಿ ಒತ್ತುವ ಜಾಗ ಯಾವುದೆಂದರೆ ಅದೇ.

ಸುಬ್‌ಹಿ ನಮಾಝ್ ಮುಗಿಸಿ ಫೋನ್ ಮಾಡಿದೆ. "ಕಾಕ, ನಿನ್ನೆ ನಾನು ಪೂರ್ತಿ ಹೇಳಲಿಲ್ಲ" ಎಂದು ಶುರು ಮಾಡಿ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಣ ಕೊಟ್ಟಾಯಿತಲ್ಲ ಮಾರಾಯ" ಎಂದರು. ಅವರ ದನಿಯಲ್ಲಿ ಸಿಟ್ಟಿದ್ದರೆ ಸಹಿಸಬಹುದಿತ್ತು.

ಶುಕ್ರವಾರ ಇಕ್ಕನನ್ನು ಕರೆದುಕೊಂಡು ತಶ್ಲೀಹ್‌ಗೆ, ಎಂದರೆ ಗುಜರಿ ಗಾಡಿಗಳ ಬಯಲಿಗೆ ಹೋದೆ. ಸುಟ್ಟದ್ದು, ಜಜ್ಜಿದ್ದು ಎಂದು ನಾಲ್ಕೈದು ಕ್ಯಾಪ್ರಿಸ್ ನೋಡಿದ ಮೇಲೆ ಜಾಲರಿ ಸರಿಯಿದ್ದ ಸೆನ್ಸರ್ ಸಿಕ್ಕಿತು. ಇನ್ನೂರು ರಿಯಾಲ್, ಆ ತಿಂಗಳು ಊರಿಗೆ ಕಳಿಸುವ ಹಣದಲ್ಲಿ ಅಷ್ಟು ಕಡಿಮೆಯಾಯಿತು. ತಂತಿಗೆ ಬೆರಳು ತಾಗದಂತೆ, ಅದಕ್ಕೆಂದೇ ಬರುವ ಸ್ಪ್ರೇಯಿಂದ ತೊಳೆದು, ಒಣಗಿಸಿ, ಕಾಕನ ಮನೆ ಮುಂದೆಯೇ ಕೂಡಿಸಿದೆ. ನಿಂತಲ್ಲಿ ಏರಿಳಿಯುತ್ತಿದ್ದ ಎಂಜಿನ್ ಸಮವಾಯಿತು. ಕಾಕನ ಹೆಂಡತಿ ಒಳಗಿಂದ ಚಹಾ ಕಳಿಸಿದರು. ಹನ್ನೆರಡು ದಿನಗಳ ನಂತರ ಎಲ್ಲರೂ ಸುಖವಾಗಿ ಮರಳಿದರು, ಅಲ್‌ಹಮ್ದುಲಿಲ್ಲಾಹ್. ಕಾರು ಮಾರಿದ ಆ ಯುವಕ ಮತ್ತೆ ನಮ್ಮ ಗ್ಯಾರೇಜಿಗೆ ಬರಲಿಲ್ಲ. ಅದಕ್ಕಾಗಿ ಯಜಮಾನ ನನ್ನ ಮೇಲೆ ಕೂಗಾಡಿದ್ದೂ ಉಂಟು.

ಕತ್ತರಿಸಿದ ಸೆನ್ಸರ್ ನನ್ನ ಜೊತೆ ಊರಿಗೆ ಬಂತು. ತಂಗಿಯ ಮಗ ಅದನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಉಳಿದ ಮೊಂಡು ತಂತಿಗಳನ್ನು ಸವರುತ್ತಾ ಕೇಳಿದ: "ಗಾಡಿ ನೋಡಲು ಬಂದಾಗಲೇ ಅವರಿಗೆ ಹೇಳಿಬಿಟ್ಟಿರಾ ಮಾಮ?" ಊಟಕ್ಕೆ ಹೊತ್ತಾಯಿತು ಎಂದು ನಾನು ಎದ್ದೆ. ಈ ಪತ್ರಿಕೆ ಅವರ ಮನೆಗೂ ಹೋಗುತ್ತದೆ. ಅವನೂ ಓದಲಿ.