ಮಾರುತಿಯೂ ಮರ್ಸಿಡಿಸ್ಸೂ

1983ರ ಡಿಸೆಂಬರಿನಲ್ಲಿ ಗುರಗಾಂವಿನ ಕಾರ್ಖಾನೆಯಿಂದ ಹೊರಬಂದು, ಐವತ್ತು ಸಾವಿರ ರೂಪಾಯಿಗಳೊಳಗಿನ ಬೆಲೆಗೆ ದೊರೆತು, ಅಲ್ಲಿಯವರೆಗೆ ಸ್ವಂತ ಕಾರೆಂಬುದನ್ನು ವೈದ್ಯರ, ವಕೀಲರ, ತೋಟದ ಸಾಹುಕಾರರ ಅಂಗಳಗಳಲ್ಲಿ ಮಾತ್ರ ಕಂಡಿದ್ದ ಗುಮಾಸ್ತರಿಗೂ ಉಪಾಧ್ಯಾಯರಿಗೂ ಕಾಲಕ್ರಮೇಣ, ಸಾಲಸೋಲ ಮಾಡಿಯಾದರೂ, ಸಕುಟುಂಬ ಪ್ರಯಾಣದ ಸ್ವಾತಂತ್ರ್ಯವನ್ನು ಒದಗಿಸಿಕೊಟ್ಟ ಮಾರುತಿ 800 ಕಾರಿಗೆ ನನ್ನ ಕೃತಜ್ಞತೆ ಎಂದಿಗೂ ತೀರುವಂಥದಲ್ಲ.

ಮೂರು ಸಿಲಿಂಡರುಗಳ 796 ಸಿ.ಸಿ. ಎಂಜಿನ್ನು, ಸುಮಾರು 650 ಕಿಲೋ ತೂಕದ ಮೈ: ಅದರ ಐಶ್ವರ್ಯವೆಲ್ಲ ಇಷ್ಟೇ. ಆದರೂ ಚಳಿಯ ಮುಂಜಾನೆ ಚೋಕ್ ಎಳೆದು ಎಂಜಿನ್ನನ್ನು ಎಬ್ಬಿಸಿ, ಶಿರಾಡಿ ಘಟ್ಟದ ಏರು ಬಂದಾಗ ಎ.ಸಿ. ಆರಿಸಿ ಎರಡನೆಯ ಗೇರಿಗಿಳಿಸಿ, ಸ್ಟೀರಿಂಗಿನ ನಡುಕದಿಂದಲೇ ಹೊಂಡದ ಆಳವನ್ನು ಅಳೆಯುತ್ತ ಸಾಗುತ್ತಿದ್ದವನಿಗೆ, ಆ ಯಂತ್ರದ ಆಯಾಸವೂ ಉತ್ಸಾಹವೂ ಅಂಗೈಯಲ್ಲಿ, ಅಂಗಾಲಿನಲ್ಲಿ ಪ್ರತ್ಯಕ್ಷವಾಗಿ ವೇದ್ಯವಾಗುತ್ತಿದ್ದವು. ದಾರಿಯಲ್ಲಿ ಕೆಟ್ಟು ನಿಂತರೂ ಎದೆಗುಂದಬೇಕಾಗಿರಲಿಲ್ಲ. ಬಾನೆಟ್ ಎತ್ತಿದೊಡನೆ ಕಾರ್ಬುರೇಟರು, ಪ್ಲಗ್ಗು, ಡಿಸ್ಟ್ರಿಬ್ಯೂಟರು ಎಲ್ಲವೂ ಕಣ್ಣೆದುರಿಗೇ ಇದ್ದು, ಸಕಲೇಶಪುರದ ಯಾವ ಗ್ಯಾರೇಜಿನ ಹುಡುಗನಾದರೂ ಅರ್ಧ ಗಳಿಗೆಯಲ್ಲಿ ಅದನ್ನು ಹೊರಡಿಸಿಬಿಡುತ್ತಿದ್ದನು.

ಈಚೆಗೆ ಬಂಧುವೊಬ್ಬರ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಅದೇ ಘಟ್ಟವನ್ನು ಇಳಿದೆನು. ಸುಮಾರು ಎರಡು ಟನ್ ತೂಗುವ ಆ ವಾಹನ ಗಾಳಿಯ ಸಸ್ಪೆನ್ಷನ್ನಿನ ಮೇಲೆ ತೇಲುವಂತೆ ಚಲಿಸುತ್ತಿತ್ತು. ದಪ್ಪ ಗಾಜಿನಾಚೆ ಮಳೆ ಸುರಿಯುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ದೇಹಕ್ಕೆ ಪರಮಸುಖ, ಮನಸ್ಸಿಗೆ ಮಾತ್ರ ಘಟ್ಟವನ್ನು ದಾಟಿದ ಅನುಭವವೇ ಆಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ದೊಡ್ಡ ಕಾರಿಗೆ ಅನ್ಯಾಯವಾದೀತು. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಬಲವಾಗಿ ತುಳಿದಾಗ ಗಾಲಿಗಳು ಬಿಗಿದು, ಸ್ಟೀರಿಂಗನ್ನು ಎತ್ತ ತಿರುಗಿಸಿದರೂ ಕಾರು ತನ್ನ ಪಾಡಿಗೆ ತಾನು ಜಾರಿಹೋಗುವ ಭೀಕರ ಕ್ಷಣವನ್ನು ಹಳೆಯ ಚಾಲಕರು ಬಲ್ಲರು. ಗಾಲಿ ಬಿಗಿಯಹೊರಟಾಗ ಸೆಕೆಂಡಿಗೆ ಹಲವು ಸಲ ಹಿಡಿತವನ್ನು ಸಡಿಲಿಸಿ ಮತ್ತೆ ಬಿಗಿಯುವ ಎ.ಬಿ.ಎಸ್. ವ್ಯವಸ್ಥೆ ಎಸ್-ಕ್ಲಾಸಿಗೆ 1978ರಲ್ಲಿಯೇ ಬಂದಿತು. ಕೆಲವೇ ವರ್ಷಗಳಲ್ಲಿ ಏರ್‌ಬ್ಯಾಗೂ ಬಂದಿತು. ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾದದ್ದು 2019ರಲ್ಲಿ. 2014ರಲ್ಲಿ ತಯಾರಿಕೆ ನಿಂತುಹೋದ ಮಾರುತಿ 800 ಇವೆರಡರಲ್ಲಿ ಒಂದನ್ನೂ ಕಾಣಲಿಲ್ಲ.

ಅಷ್ಟು ದೀರ್ಘಕಾಲ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಒತ್ತೊತ್ತಾಗಿ ಕೂರಿಸಿಕೊಂಡು, ಕೂಸೊಂದನ್ನು ಮುಂದೆ ತೊಡೆಯ ಮೇಲಿರಿಸಿಕೊಂಡು ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟ ಅಸಂಖ್ಯ ಸಂಸಾರಗಳು ಚಾಲಕನ ಕಾಲಿನ ಎಚ್ಚರವೊಂದನ್ನೇ ನಂಬಿ ಘಟ್ಟವಿಳಿದವು. ಧನಿಕನ ಪ್ರಾಣಕ್ಕೆ ದೊರೆತ ರಕ್ಷೆ ಸಾಮಾನ್ಯನ ಪ್ರಾಣವನ್ನು ತಲುಪಲು ನಾಲ್ಕು ದಶಕಗಳು ಬೇಕಾಗಿದ್ದವೆ? ಚಿಕ್ಕ ಕಾರಿನ ಮೇಲಿನ ನನ್ನ ಪ್ರೀತಿಯೆಲ್ಲವೂ ಈ ಪ್ರಶ್ನೆಯ ಮುಂದೆ ನಿರುತ್ತರವಾಗುತ್ತದೆ. ಮೊಮ್ಮಕ್ಕಳೊಡನೆ ಮಳೆಗಾಲದಲ್ಲಿ ಶಿರಾಡಿಯನ್ನು ಇಳಿಯಬೇಕಾಗಿ ಬಂದರೆ ಇಂದು ನಾನು ಮೆತ್ತನೆಯ ಪೀಠವನ್ನಾಗಲಿ ನಿಶ್ಶಬ್ದವನ್ನಾಗಲಿ ಬಯಸೆನು. ಆ ಎರಡು ರಕ್ಷೆಗಳಿರುವ ಅತ್ಯಂತ ಅಗ್ಗದ ಕಾರನ್ನು ಆರಿಸಿಕೊಂಡು, ಕಿಟಕಿಯ ಗಾಜನ್ನು ತುಸು ಇಳಿಸಿಕೊಂಡು ಹೊರಡುವೆನು.