ಒಳಗಿನ ಕಾವು

ಬಿಯರ್ ಮಾಡುವುದರಲ್ಲಿ ಮನುಷ್ಯನ ಪಾಲು ಒಂದು ದಿನದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ, ಸೋಸಿದ ಸಿಹಿನೀರನ್ನು ಹಾಪ್ಸ್ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಮುಚ್ಚಿಟ್ಟರೆ ನಮ್ಮದು ಮುಗಿಯಿತು. ಮುಂದಿನ ಎರಡು ವಾರ ಯೀಸ್ಟಿನದು. ಆಗ ನಮಗೆ ಉಳಿಯುವುದು ಒಂದೇ ಕೆಲಸ, ಅದಕ್ಕೆ ಸೆಕೆಯಾಗದಂತೆ ನೋಡಿಕೊಳ್ಳುವುದು.

ನಾನಿರುವುದು ಅಮೆರಿಕದ ಫೀನಿಕ್ಸ್‌ನಲ್ಲಿ. ಹುಟ್ಟೂರು ಸಿಂದಗಿ ಸೀಮೆಯ ಯಂಕಂಚಿ. ಎರಡೂ ಕಡೆ ಬಿಸಿಲಿಗೆ ಬರವಿಲ್ಲ. ಊರಲ್ಲಾದರೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ; ಪರವಾನಗಿಯಿಲ್ಲದೆ ಮದ್ಯ ತಯಾರಿಸಲು 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಿಡುವುದಿಲ್ಲ. ಇಲ್ಲಿ 1978ರಲ್ಲಿ ಕಾನೂನು ಬದಲಾಯಿತು. ಮಾರುವಂತಿಲ್ಲ, ಆದರೆ ಸ್ವಂತಕ್ಕೆಂದು ಒಬ್ಬರು ವರ್ಷಕ್ಕೆ 100 ಗ್ಯಾಲನ್‌ವರೆಗೆ ಮಾಡಿಕೊಳ್ಳಬಹುದು.

ಹೊಸಬರನ್ನು ದಾರಿ ತಪ್ಪಿಸುವುದು ಗೋಡೆಯ ಮೇಲಿನ ಥರ್ಮಾಮೀಟರ್. ಅದು ಕೋಣೆಯ ಸಮಾಚಾರ ಹೇಳುತ್ತದೆ, ಬಕೆಟ್ಟಿನದನ್ನಲ್ಲ. ಸಕ್ಕರೆ ತಿನ್ನುವ ಯೀಸ್ಟ್ ತಾನೇ ಕಾವು ಹುಟ್ಟಿಸುತ್ತದೆ. ಮೊದಲ ಎರಡು ಮೂರು ದಿನ ಒಳಗೆ ಹೊರಗಿಗಿಂತ 3-4 ಡಿಗ್ರಿ ಹೆಚ್ಚಿರುವುದು ಸಾಮಾನ್ಯ. ಏಲ್ ಬಗೆಯ ಬಹುತೇಕ ಯೀಸ್ಟಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ. ಎಸಿ 24ರಲ್ಲಿದ್ದರೆ ಬಕೆಟ್ಟಿನೊಳಗೆ 28 ಆಗಿರಬಹುದು. ಆಗ ಬಿಯರಿಗೆ ಬಾಳೆಹಣ್ಣಿನ ವಾಸನೆ, ಅದರ ಹಿಂದೆ ಗಂಟಲು ಸುಡುವ ಘಾಟು. ಹಾಗಾಗಿ ಕಾಯಬೇಕಾದದ್ದು ಮುಖ್ಯವಾಗಿ ಮೊದಲ ಮೂರು ದಿನ. ಕೊನೆಯಲ್ಲಿ ಒಂದೆರಡು ಡಿಗ್ರಿ ಏರಿದರೆ ಒಳ್ಳೆಯದೇ.

ಫ್ರಿಜ್ ಇಲ್ಲದ ಕಾಲದಲ್ಲಿ ಇದಕ್ಕೆ ಕ್ಯಾಲೆಂಡರೇ ಮದ್ದಾಗಿತ್ತು. ಬವೇರಿಯಾದಲ್ಲಿ 1553ರ ಆಜ್ಞೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವುದನ್ನೇ ನಿಲ್ಲಿಸಿತ್ತು. ನನ್ನದು ಬಡವರ ಉಪಾಯ. ಟಬ್ಬಿನಲ್ಲಿ ನೀರು, ನೀರಲ್ಲಿ ಬಕೆಟ್, ಬಕೆಟ್ಟಿಗೊಂದು ಹಳೆಯ ಟೀ ಶರ್ಟ್, ಎದುರಿಗೆ ಫ್ಯಾನ್. ಬಟ್ಟೆ ನೀರೇರಿಸಿಕೊಳ್ಳುತ್ತದೆ, ಒಣಗಾಳಿ ಆ ನೀರಿನ ಜೊತೆ ಕಾವನ್ನೂ ಒಯ್ಯುತ್ತದೆ. ಜುಲೈನಲ್ಲಿ ಮೋಡ ಕಟ್ಟಿ ಗಾಳಿ ತೇವವಾದರೆ ಈ ಉಪಾಯ ಸೋಲುತ್ತದೆ. ಆಗ ಬೆಳಗ್ಗೆ ಸಂಜೆ ಟಬ್ಬಿಗೆ ಐಸ್ ಬಾಟಲಿ ಇಳಿಸಬೇಕು.

ಅವ್ವ ಬಂದದ್ದು ಅಂಥ ಒಂದು ಜುಲೈನಲ್ಲಿ. ನಮ್ಮ ಮನೆಯಲ್ಲಿ ಕುಡಿತ ಹಗುರ ಮಾತಲ್ಲ. ಕಾಕಾನನ್ನು ಸಾರಾಯಿ ಒಯ್ದಿದೆ. 2007ರಲ್ಲಿ ಸರಕಾರ ಸಾರಾಯಿ ನಿಲ್ಲಿಸಿದಾಗ ಅವ್ವ ಹನುಮಪ್ಪನಿಗೆ ಕಾಯಿ ಒಡೆಸಿದ್ದಳು. ಅಂಗಿ ತೊಟ್ಟ ಬಕೆಟ್ಟನ್ನು ನೋಡಿ, "ಇದೂ ಅದೇ ಅಲ್ಲೇನು?" ಅಂದಳು. ಇದು ಭಟ್ಟಿ ಇಳಿಸಿದ್ದಲ್ಲ, ಬರೀ ಹುದುಗಿಸಿದ್ದು ಎಂದೆ. "ಕುಡದರ ಏರತೈತಿಲ್ಲೋ?" ಏರುತ್ತದೆ ಎಂದೆ. ವಾರಕ್ಕೆ ಎರಡೇ ಗ್ಲಾಸ್ ಎಂದು ಹೇಳಲು ಬಾಯಿ ಬರಲಿಲ್ಲ. ಅಂಥ ಲೆಕ್ಕವನ್ನು ಕಾಕಾನೂ ಒಂದು ಕಾಲಕ್ಕೆ ಹೇಳುತ್ತಿದ್ದ.

ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದಳು. ಒಂದು ಕೈ ಟಬ್ಬಿನ ನೀರಲ್ಲಿಟ್ಟು, ಇನ್ನೊಂದರಿಂದ ಅಂಗಿ ಸರಿಸಿ ಬಕೆಟ್ ಮುಟ್ಟಿದಳು, ಕೂಸಿನ ಹಣೆ ಮುಟ್ಟಿದ ಹಾಗೆ. "ಒಳಗ ಜ್ವರ ಬಂದಾವ ಇದಕ್ಕ."

ಅವಳಿಗೆ ಇದು ಹೊಸದಾಗಿರಲಿಲ್ಲ. ಬೇಸಿಗೆಯಲ್ಲಿ ಹಾಲಿಗೆ ಹೆಪ್ಪು ಸಾಸಿವೆಯಷ್ಟು, ಚಳಿಗಾಲದಲ್ಲಿ ಚಮಚೆಯಷ್ಟು. ಅಂಬಲಿಯ ಗಡಿಗೆಗೆ ಹಸಿ ಗೋಣಿತಟ್ಟು, ಕೆಳಗೆ ಒದ್ದೆ ಉಸುಕು. ಇಷ್ಟು ವರ್ಷ ಡಿಗ್ರಿಯ ಹೆಸರಿಲ್ಲದೆ ಅವಳು ಮಾಡಿದ್ದು ಇದನ್ನೇ. ಹೆಪ್ಪು ಕೆಟ್ಟರೆ ನೆರೆಮನೆಯಿಂದ ತರುತ್ತಿದ್ದಳು. ನಾರ್ವೆಯ ಹಳ್ಳಿಗಳಲ್ಲಿ ಬಿಯರಿನ ಯೀಸ್ಟನ್ನೂ ಹೀಗೇ ಮನೆಯಿಂದ ಮನೆಗೆ ಒಯ್ಯುತ್ತಿದ್ದರು, ಕ್ವೈಕ್ ಎಂಬ ಆ ಯೀಸ್ಟ್ 35 ಡಿಗ್ರಿಗೂ ಅಳುಕುವುದಿಲ್ಲ ಎಂದೆ. "ಹಂಗಾರ ಅದು ನಮ್ಮ ಕಡೀದು" ಅಂದಳು.

ನಾನು ಕೆಲಸಕ್ಕೆ ಹೋದ ಮೂರು ದಿನವೂ ಐಸ್ ಬಾಟಲಿ ಬದಲಿಸಿದವಳು ಅವಳೇ. ನಾಲ್ಕನೆಯ ದಿನ ಅಂಗೈ ಹಚ್ಚಿ, "ಜ್ವರ ಇಳದಾವ" ಎಂದಳು. ಬಿಯರನ್ನು ಮಾತ್ರ ಮೂಸಿಯೂ ನೋಡಲಿಲ್ಲ.